ಅತ್ತಿಗೆಯ ನಕ್ಷೆಯಲ್ಲಿ ನಮ್ಮ ದಿಬ್ಬ

ನಮ್ಮದು ಲಾಂಡ್ರಿ. ಮಣ್ಣು ಕಂಡರೆ ನಮಗಾಗದು. ಅಂಥ ಮನೆಗೆ ಮಣ್ಣನ್ನೇ ಹೊಟ್ಟೆಪಾಡು ಮಾಡಿಕೊಂಡವಳೊಬ್ಬಳು ಸೊಸೆಯಾಗಿ ಬಂದಳೆಂದರೆ ನಗಬೇಕೋ ಅಳಬೇಕೋ ನೀವೇ ಹೇಳಿ. ನಾನಂತೂ ಮೊದಲು ಜಗಳವಾಡಿದೆ. ಜಗಳ ನನಗೆ ಸಲೀಸು. ಮನೆಯಲ್ಲಿ ನನ್ನನ್ನು ಕರೆಯುವುದೇ ಪಟಾಕಿ ಎಂದು.

ಅತ್ತಿಗೆಯಾಗುವ ಮೊದಲು ಅವಳು ನಮ್ಮ ಗಿರಾಕಿ. ನದಿ ಕಚೇರಿಯಲ್ಲಿ ಕೆಲಸ. ಯಾವ ಯಾವ ಗುಡ್ಡ, ಹೊಲ, ಬಯಲಿನ ಮೇಲೆ ಬಿದ್ದ ಮಳೆ ನಮ್ಮ ನದಿಗೆ ಬಂದು ಸೇರುತ್ತದೋ ಆ ಇಡೀ ಪ್ರದೇಶಕ್ಕೆ ಜಲಾನಯನ ಎನ್ನುತ್ತಾರಂತೆ. ಅದರಲ್ಲಿ ಎಲ್ಲೆಲ್ಲಿ ಎಷ್ಟು ಮಣ್ಣು ಕೊಚ್ಚಿಹೋಗುತ್ತಿದೆ ಎಂದು ಅಂದಾಜು ಮಾಡಿ ನಕ್ಷೆ ತಯಾರಿಸುವುದು ಅವಳ ಉದ್ಯೋಗ. ವಾರಕ್ಕೊಮ್ಮೆ ಗುಡ್ಡ ಸುತ್ತಿ ಬಂದು, ಮೊಣಕಾಲವರೆಗೆ ಕೆಸರು ಮೆತ್ತಿದ ಪ್ಯಾಂಟುಗಳನ್ನು ನಮ್ಮ ಕೌಂಟರಿನ ಮೇಲೆ ಧೊಪ್ಪೆಂದು ಹಾಕುತ್ತಿದ್ದಳು. ಲಾಂಡ್ರಿಯಲ್ಲಿ ಪ್ರತಿ ಗಿರಾಕಿಯ ಬಟ್ಟೆಗೂ ಒಂದು ಗುರುತು ಹಾಕುತ್ತೇವಲ್ಲ, ಅವಳ ಬಟ್ಟೆಗೆ ನಾನು ಹಾಕಿದ ಗುರುತು ‘ಮಣ್ಣು’.

“ಈ ಕಲೆ ಹೋಗಲ್ಲ ಕಣ್ರೀ, ಉಜ್ಜಿ ಉಜ್ಜಿ ನನ್ನ ಕೈ ಹೋಯ್ತು” ಎಂದು ಒಂದು ದಿನ ಪ್ಯಾಂಟನ್ನು ಅವಳ ಮುಖದ ಮುಂದೆ ಹಿಡಿದೆ.

ಅವಳು ಬೇಜಾರು ಮಾಡಿಕೊಳ್ಳಬೇಕಲ್ಲ? ಇಲ್ಲ. ಕಲೆಯನ್ನು ಬೆಳಕಿಗೆ ಹಿಡಿದು, ಹಳೆಯ ನೆಂಟರನ್ನು ಕಂಡಂತೆ ಮುಖ ಅರಳಿಸಿದಳು. “ಓ, ಇದು ಎಡದಂಡೆ ಗುಡ್ಡದ್ದು! ಅಲ್ಲಿ ಮಣ್ಣಲ್ಲಿ ಕಬ್ಬಿಣ ಜಾಸ್ತಿ, ಬಿಡಲ್ಲ. ಈ ಕಾಲಿನದು ನೋಡಿ, ಹೊಳೆ ಪಕ್ಕದ ಮೆಕ್ಕಲು. ಇದು ಪಾಪ ಒಂದೇ ನೀರಿಗೆ ಹೋಗುತ್ತೆ” ಎಂದಳು. ಪಕ್ಕದಲ್ಲಿ ಇಸ್ತ್ರಿ ಹಾಕುತ್ತಿದ್ದ ನಮ್ಮಣ್ಣ ನಗುತ್ತಾ ನಿಂತುಬಿಟ್ಟ. ಯಾರದೋ ಅಂಗಿಯ ತೋಳು ಕರಕಲಾಯಿತು. ಮುಂದಿನ ವಾರದಿಂದ ಅವಳ ಬಟ್ಟೆಯನ್ನು ಅವನೇ ವ್ಯಾನಿನಲ್ಲಿ ಮನೆಗೆ ಮುಟ್ಟಿಸತೊಡಗಿದ. ಪಕ್ಕದ ಬೀದಿಯ ಗಿರಾಕಿಗೆ ಬಟ್ಟೆ ಕೊಟ್ಟುಬಾ ಎಂದರೆ ಸೊಂಟನೋವು ಎನ್ನುತ್ತಿದ್ದ ಗಂಡು ಅದು!

ಮದುವೆಯಾಯಿತು. ಅತ್ತಿಗೆ ಬಂದಳು, ಜೊತೆಗೆ ಅವಳ ಬಾಟಲಿಗಳೂ ಬಂದವು. ಮಳೆ ಶುರುವಾಯಿತೆಂದರೆ ನಾವೆಲ್ಲ ಬಟ್ಟೆ ಎತ್ತಿಕೊಂಡು ಒಳಗೆ ಓಡುತ್ತೇವೆ. ಅವಳು ಬಾಟಲಿ ಹಿಡಿದು ಹೊರಗೆ ಓಡುತ್ತಾಳೆ. ಬೀದಿಯ ಮೋರಿಯಲ್ಲಿ ಕೆಂಪಗೆ ಹರಿಯುವ ನೀರನ್ನು ತುಂಬಿಕೊಂಡು, ತೊಯ್ದು ತೊಪ್ಪೆಯಾಗಿ ಒಳಗೆ ಬಂದು, ಕಿಟಕಿಯ ಹತ್ತಿರ ಇಟ್ಟು ಮಣ್ಣು ತಳಕ್ಕೆ ಇಳಿಯುವುದನ್ನೇ ನೋಡುತ್ತಾ ಕೂರುತ್ತಾಳೆ. “ಯಾರದೋ ಹೊಲ ಹೋಗ್ತಾ ಇದೆ ಕಣೇ” ಎನ್ನುತ್ತಾಳೆ. ಆ ಮಾತು ಹೇಳುವಾಗ ಅವಳ ದನಿ ನಿಜವಾಗಿಯೂ ಸಣ್ಣದಾಗುತ್ತದೆ. ಹಾಗಾಗಿ ಕಿಟಕಿ ಕಟ್ಟೆ ಗಲೀಜಾಯಿತೆಂದು ಬೈಯಲು ಬಾಯಿ ತೆರೆದವಳು ನಾನು ಎಷ್ಟೋ ಸಲ ಸುಮ್ಮನಾಗಿದ್ದೇನೆ.

ಅಮ್ಮನಿಗೆ ಸೊಸೆಯ ಕೆಲಸ ಅರ್ಥವಾಗಲೇಬೇಕೆಂಬ ಹಟ. ಒಂದು ದಿನ ತಟ್ಟೆ ತೊಳೆಯುತ್ತಾ ಕೇಳಿಯೇಬಿಟ್ಟರು. “ಅಲ್ಲಮ್ಮಾ, ಅಷ್ಟು ದೂರದ ಗುಡ್ಡದಲ್ಲಿ ಎಷ್ಟು ಮಣ್ಣು ಹೋಯ್ತು ಅಂತ ತೂಕ ಹಾಕೋದು ಹೇಗೆ? ತಕ್ಕಡಿ ಎಲ್ಲಿಡ್ತೀರಿ?”

“ತೂಕ ಹಾಕಲ್ಲ ಅತ್ತೆ. ನಕ್ಷೇಲಿ ಇಡೀ ಜಲಾನಯನವನ್ನ ಚಿಕ್ಕ ಚಿಕ್ಕ ಚೌಕ ಮಾಡ್ತೀವಿ. ಒಂದೊಂದು ಚೌಕಕ್ಕೂ ಅದೇ ಐದು ಪ್ರಶ್ನೆ. ಮಳೆ ಎಷ್ಟು ಜೋರಾಗಿ ಹೊಡೆಯುತ್ತೆ? ಮಣ್ಣು ಗಟ್ಟಿಯೋ ಸಡಿಲವೋ? ಇಳಿಜಾರು ಎಷ್ಟು? ಮೇಲೆ ಹುಲ್ಲು, ಗಿಡ ಏನಾದ್ರೂ ಹೊದಿಕೆ ಇದೆಯಾ? ಜನ ಬದು ಗಿದು ಕಟ್ಟಿ ತಡೆದಿದಾರಾ? ಐದಕ್ಕೂ ಒಂದೊಂದು ಅಂಕಿ. ಐದನ್ನೂ ಗುಣಿಸಿದರೆ ವರ್ಷಕ್ಕೆ ಎಷ್ಟು ಮಣ್ಣು ಹೋಗಬಹುದು ಅಂತ ಅಂದಾಜು ಸಿಗುತ್ತೆ. ಕಡಿಮೆ ಇದ್ದರೆ ಹಸಿರು, ಜಾಸ್ತಿ ಇದ್ದರೆ ಕೆಂಪು.”

“ಹೊದಿಕೆ ಇದೆಯೋ ಇಲ್ಲವೋ ಅಂತ ಚೌಕ ಚೌಕಕ್ಕೂ ಹೋಗಿ ನೋಡ್ತೀಯಾ?”

“ಅಯ್ಯೋ, ಜನ್ಮ ಸಾಲದು ಅತ್ತೆ! ಅದಕ್ಕೆ ಉಪಗ್ರಹ ಇದೆ. ಮೇಲಿಂದ ಹೋಗ್ತಾ ಹೋಗ್ತಾ ಚಿತ್ರ ತೆಗೆಯುತ್ತೆ. ಹಸಿರು ಕಂಡರೆ ಹೊದಿಕೆ ಇದೆ, ಇಲ್ಲದಿದ್ದರೆ ಬರೀ ನೆಲ.”

ಅಣ್ಣ ಬಾಗಿಲಲ್ಲಿ ನಿಂತು, “ಮದುವೆಗೆ ಮುಂಚೆ ನನಗೂ ಇಂಥ ಐದು ಪ್ರಶ್ನೆ ಕೇಳಿದ್ದಳಮ್ಮಾ, ಹೆಂಗೋ ಪಾಸಾದೆ” ಎಂದ. “ಜಸ್ಟ್ ಪಾಸು” ಎಂದಳು ಅತ್ತಿಗೆ.

ಇನ್ನು ನಮ್ಮ ದಿಬ್ಬದ ವಿಷಯ ಹೇಳಬೇಕು. ಅದಿಲ್ಲದೆ ಲಾಂಡ್ರಿ ಇಲ್ಲ. ಮನೆಯ ಹಿಂದಿನಿಂದ ನದಿಯವರೆಗೆ ಇಳಿಯುವ ದೊಡ್ಡ ಹುಲ್ಲಿನ ಇಳಿಜಾರು ಅದು. ಜಾಗ ನದಿ ಕಚೇರಿಯದು. ಅಪ್ಪನ ಕಾಲದಿಂದ ಬಟ್ಟೆ ಒಣಗಿಸುತ್ತಿರುವವರು ನಾವು. ಆಸ್ಪತ್ರೆಯ ಹಾಸಿಗೆ ಬಟ್ಟೆ, ಲಾಡ್ಜುಗಳ ಹಾಸಿಗೆ ಬಟ್ಟೆ, ಎಲ್ಲ ಬಿಳಿ. ಹುಲ್ಲಿನ ಮೇಲೆ ಬಿಸಿಲಿಗೆ ಹಾಸಿದರೆ ಬಿಳಿ ಬಟ್ಟೆಗೆ ಬರುವ ಹೊಳಪು ಯಾವ ಯಂತ್ರದಲ್ಲೂ ಬರುವುದಿಲ್ಲ, ಬೇಕಾದರೆ ತಂದು ತೋರಿಸಲಿ. ಬೆಳಿಗ್ಗೆ ಹಾಸುತ್ತೇವೆ, ಮಧ್ಯಾಹ್ನ ಊಟದ ಹೊತ್ತಿಗೆ ಎತ್ತುತ್ತೇವೆ. ಆಸ್ಪತ್ರೆಗೆ ಭಾನುವಾರವಿಲ್ಲ, ಹಾಗಾಗಿ ನಮಗೂ ಇಲ್ಲ.

ಮದುವೆಯಾದ ವರ್ಷವೇ ಕಚೇರಿಯಲ್ಲಿ ಹೊಸ ನಕ್ಷೆ ತಯಾರಾಗುತ್ತಿತ್ತು. ಅತ್ತಿಗೆ ಅದರಲ್ಲೇ ಮುಳುಗಿದ್ದಳು. ಒಂದು ಸಂಜೆ ಮನೆಗೆ ಬಂದವಳು ಚೀಲ ಕೆಳಗಿಡದೆ ಹಾಗೇ ನಿಂತಳು. ಮುಖ ನೋಡಿ ಅಮ್ಮ ಗಾಬರಿಯಾದರು.

“ನಕ್ಷೇಲಿ ನಮ್ಮ ದಿಬ್ಬ ಕೆಂಪು ಬಂದಿದೆ ಅತ್ತೆ. ಬರೀ ಕೆಂಪಲ್ಲ, ಕಡುಗೆಂಪು. ಕೆಂಪು ಬಂದ ಕಚೇರಿ ಜಾಗಕ್ಕೆಲ್ಲ ಈ ವರ್ಷದಿಂದ ಮಳೆಗಾಲಕ್ಕೆ ಮುಂಚೆ ಬೇಲಿ ಹಾಕಿ ಗಿಡ ನೆಡ್ತಾರೆ. ಆಮೇಲೆ ಒಳಗೆ ಯಾರನ್ನೂ ಬಿಡಲ್ಲ.”

ನನಗೆ ನಗು ಬಂತು. “ಅಷ್ಟೇನಾ? ಹಸಿರು ಬಳಿದುಬಿಡು. ನಿನ್ನ ಕೈಯಲ್ಲೇ ಇದೆಯಲ್ಲ ಕುಂಚ.”

“ಹಾಗೆಲ್ಲ ಬಳಿಯೋಕೆ ಬರಲ್ಲ ಕಣೇ. ಲೆಕ್ಕ ಹಾಗೆ ಬಂದಿದೆ.”

“ಲೆಕ್ಕ ಹಾಳಾಗಲಿ! ಹಿಂದಿನ ಬಾಗಿಲು ತೆಗೆದು ನೋಡು. ಹುಲ್ಲು ಇದೆಯೋ ಇಲ್ಲವೋ?”

“ಇದೆ. ನನಗೂ ಕಾಣುತ್ತೆ. ಆದ್ರೆ ನನ್ನ ಕಣ್ಣು ಮನೆಯವರ ಕಣ್ಣು. ನಮ್ಮದು ಅಂತ ನಾನು ಒಂದು ಚೌಕ ತಿದ್ದಿದರೆ, ಇನ್ನೊಬ್ಬರ ಹೊಲ ಕೆಂಪು ಅಂತ ಯಾವ ಬಾಯಲ್ಲಿ ಹೇಳಲಿ?”

ನನಗೆ ಮೈಯೆಲ್ಲ ಉರಿಯಿತು. ಕೋಪ ಬಂದರೆ ನಾನು ಅವಳಿಗೆ ಬಹುವಚನ ಬಳಸುತ್ತೇನೆ. “ಸರಿ ಬಿಡಿ. ನೀವು ದೊಡ್ಡವರು, ನಿಮ್ಮ ಚೌಕ ದೊಡ್ಡದು. ನಾವು ನಾಳೆಯಿಂದ ಆಸ್ಪತ್ರೆ ಬಟ್ಟೆನ ತಲೆ ಮೇಲೆ ಹಾಸಿಕೊಂಡು ಒಣಗಿಸ್ತೀವಿ” ಎಂದೆ. ಅಮ್ಮ ಹೋಗಿ ಹಿಂದಿನ ಬಾಗಿಲಲ್ಲಿ ದಿಬ್ಬದ ಕಡೆ ಮುಖ ಮಾಡಿ ಕೂತರು. ಅದನ್ನು ನೋಡಿ ನನಗೆ ಅಳುವೇ ಬಂತು. ದಿಬ್ಬ ಹೋದರೆ ಅಂಗಡಿ ಮುಚ್ಚುವುದೊಂದೇ ದಾರಿ. ಒಣಗಿಸದ ಬಟ್ಟೆಯನ್ನು ಯಾರು ಮುಟ್ಟುತ್ತಾರೆ?

ಅಲ್ಲಿಂದಾಚೆಗೆ ಮನೆಯಲ್ಲಿ ‘ನೀವು’ಗಳ ಮಳೆ. “ನೀವು ಕಾಫಿ ಕುಡೀತೀರಾ?” “ನಿಮ್ಮ ಬಾಟಲಿ ಸ್ವಲ್ಪ ಪಕ್ಕಕ್ಕಿಡ್ತೀರಾ?” ಅಣ್ಣ ಇಬ್ಬರ ನಡುವೆ ಸಿಕ್ಕಿ, ವ್ಯಾನ್ ತೊಳೆಯುವ ನೆಪದಲ್ಲಿ ಹೊರಗೇ ಇರುತ್ತಿದ್ದ. ಆ ವ್ಯಾನು ಹೊಸದಾಗಿ ಕೊಂಡಾಗಲೂ ಅಷ್ಟು ಹೊಳೆದಿರಲಿಲ್ಲ. ಅತ್ತಿಗೆ ಮಾತ್ರ ಎದುರು ಮಾತಾಡಲಿಲ್ಲ. ದಿನಾ ಕಚೇರಿಯಿಂದ ತಡವಾಗಿ ಬಂದು, ಕಣ್ಣುಜ್ಜಿಕೊಂಡು, ಕೊಟ್ಟಿದ್ದು ತಿಂದು ಮಲಗುತ್ತಿದ್ದಳು.

ಆಮೇಲೊಂದು ದಿನ ಹೊತ್ತು ಏರಿದ ಮೇಲೆ ನಾನೂ ಅಮ್ಮನೂ ದಿಬ್ಬದಲ್ಲಿ ಬಟ್ಟೆ ಮಗುಚಿ ಹಾಕುತ್ತಿದ್ದೆವು. ಮೇಲಿನಿಂದ ಯಾರೋ ಕೂಗುತ್ತಾ ಓಡಿಬರುವುದು ಕಾಣಿಸಿತು. ಅತ್ತಿಗೆ! ಕಚೇರಿ ಇರುವ ಹೊತ್ತಿನಲ್ಲಿ! ಜಡೆ ಬಿಚ್ಚಿಹೋಗಿತ್ತು, ಒಂದು ಚಪ್ಪಲಿ ಕೈಯಲ್ಲಿತ್ತು.

“ಎತ್ತಬೇಡಿ! ಏನೂ ಎತ್ತಬೇಡಿ!” ಎಂದು ಏದುಸಿರು ಬಿಡುತ್ತಾ ನಿಂತು, ಮೇಲಿಂದ ಕೆಳಗಿನವರೆಗೆ ಒಂದಕ್ಕೊಂದು ತಾಗಿಸಿ ಹಾಸಿದ್ದ ಬಿಳಿ ಬಟ್ಟೆಗಳನ್ನೇ ನೋಡಿದಳು. “ದಿನಾ ಈ ಹೊತ್ತಿಗೆ ಹೀಗೇ ಹಾಸಿರ್ತೀರಾ? ಹುಲ್ಲೇ ಕಾಣದ ಹಾಗೆ?”

“ಮತ್ತಿನ್ನೇನು, ಬೆಳದಿಂಗಳಲ್ಲಿ ಹಾಸ್ತಾರಾ ನಿಮ್ಮ ಕಡೆ?”

ಅವಳು ನಗಲು ಶುರುಮಾಡಿದಳು. ನಗುತ್ತಾ ನಗುತ್ತಾ ಆಸ್ಪತ್ರೆಯ ಹಾಸಿಗೆ ಬಟ್ಟೆಯ ಮೇಲೇ ಕುಸಿದು ಕೂತಳು. ಅಮ್ಮ ಓಡಿಹೋಗಿ ಹಣೆ ಮುಟ್ಟಿ ನೋಡಿದರು, ಬಿಸಿಲು ಹೊಡೆದಿರಬೇಕೆಂದು.

“ಉಪಗ್ರಹ ನಮ್ಮ ಮೇಲೆ ಹೋಗೋದೇ ಈ ಹೊತ್ತಲ್ಲಿ ಅತ್ತೆ! ಯಾವತ್ತು ಬಂದರೂ ಇದೇ ಹೊತ್ತು. ಮೋಡ ಇದ್ದ ದಿನ ಅದಕ್ಕೆ ನೆಲ ಕಾಣಲ್ಲ. ಬಿಸಿಲಿದ್ದ ದಿನ ಕಾಣುತ್ತೆ. ಬಿಸಿಲಿದ್ದ ದಿನ ನೀವು ಬಟ್ಟೆ ಹಾಸಿರ್ತೀರಿ. ಅದು ಹುಲ್ಲನ್ನ ಒಂದು ಸಲನೂ ನೋಡೇ ಇಲ್ಲ. ಬೆಳ್ಳಗೆ ಹೊಳೆಯೋದು ಕಂಡು ಬರೀ ನೆಲ ಅಂದುಕೊಂಡಿದೆ!”

ನಾನು ಆಕಾಶ ನೋಡಿದೆ. ಅಮ್ಮನೂ ನೋಡಿದರು. “ಅಷ್ಟು ದೂರದಿಂದ ನಮ್ಮ ಬಟ್ಟೆ ಕಾಣುತ್ತಾ?” ಎಂದು ಕೇಳಿದ ಅಮ್ಮನ ದನಿಯಲ್ಲಿ ಭಯಕ್ಕಿಂತ ಜಂಬವೇ ಹೆಚ್ಚಾಗಿತ್ತು.

“ಮನೇಲೇ ಇದ್ದು ನಿನಗೆ ಇಷ್ಟು ದಿನ ಹೊಳೀಲಿಲ್ವಾ ಅತ್ತಿಗೇ?” ಎಂದೆ. ‘ನೀವು’ ಎಲ್ಲಿ ಹೋಯಿತೋ ನನಗೇ ತಿಳಿಯಲಿಲ್ಲ.

ಹೊಳೆದಿರಲಿಲ್ಲ. ಕಚೇರಿಯಲ್ಲಿ ಒಂದೊಂದೇ ಚಿತ್ರ ತೆರೆದು ನೋಡುವ ಪದ್ಧತಿಯಿಲ್ಲವಂತೆ. ವರ್ಷದ ಚಿತ್ರಗಳನ್ನೆಲ್ಲ ಕಂಪ್ಯೂಟರೇ ಕಲಸಿ ಒಂದು ಚಿತ್ರ ಮಾಡಿಕೊಡುತ್ತದೆ. ಅದರಲ್ಲಿ ನಮ್ಮ ದಿಬ್ಬ ಸುಮ್ಮನೆ ಒಂದು ಮಾಸಲು ಮಚ್ಚೆ. ನೆಲದ ಮೇಲೆ ಹೋಗಿ ತಾಳೆ ನೋಡಲು ಅಲ್ಲೊಂದು ಇಲ್ಲೊಂದು ಜಾಗ ಆರಿಸುವುದೂ ಕಂಪ್ಯೂಟರೇ, ಅದರಲ್ಲಿ ನಮ್ಮದು ಬಂದಿರಲಿಲ್ಲ. ಈ ದಿನಗಳಲ್ಲಿ ಅವಳು ತನ್ನ ಕೆಲಸ ಮುಗಿದ ಮೇಲೆ ಕೂತು ಚಿತ್ರಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ್ದಳು. ಎಲ್ಲದರಲ್ಲೂ ದಿಬ್ಬ ಬಿಳಿ. ಒಂದರಲ್ಲಿ ಮಾತ್ರ ಹಚ್ಚ ಹಸಿರು.

“ಆ ತಾರೀಕು ಎಲ್ಲೋ ನೋಡಿದೀನಲ್ಲ ಅನ್ನಿಸ್ತು ಕಣೇ. ಆಮೇಲೆ ನೋಡಿದರೆ ನನ್ನ ಮದುವೆ ದಿನ! ಅವತ್ತೊಂದೇ ದಿನ ನೀವು ಅಂಗಡಿ ಮುಚ್ಚಿದ್ದು!”

ನಾನು ಅವಳನ್ನು ತಬ್ಬಿಕೊಂಡೆ. ಇಬ್ಬರೂ ಆ ಬಿಳಿ ಬಟ್ಟೆಯ ಮೇಲೆ ಉರುಳಿದೆವು. ಅಮ್ಮ, “ಏಳ್ರೇ, ಆಸ್ಪತ್ರೆದು ಅದು!” ಎಂದು ಕೂಗುತ್ತಲೇ ನಗುತ್ತಿದ್ದರು. ಅವೆಲ್ಲವನ್ನೂ ಮತ್ತೆ ಒಗೆಯಬೇಕಾಯಿತು.

ಆದರೆ ಕಚೇರಿ ಅಷ್ಟು ಸುಲಭಕ್ಕೆ ಬಗ್ಗುವುದೇ? ಅಲ್ಲಿನ ಮುಖ್ಯಸ್ಥರಿಗೆ ಎಲ್ಲರೂ ದಶಮಾಂಶ ಎನ್ನುತ್ತಾರೆ. ಯಾವ ಅಂಕಿ ಹೇಳಿದರೂ “ಬಿಂದು ಆದ ಮೇಲೆ ಎಷ್ಟು?” ಎಂದು ಕೇಳುತ್ತಾರೆ. ಅತ್ತಿಗೆ ಹೇಳಿದ್ದನ್ನೆಲ್ಲ ಕೇಳಿ, “ಒಂದೇ ಒಂದು ಹಸಿರು ಚಿತ್ರ ಸಾಕ್ಷಿಯಾಗಲ್ಲಮ್ಮ. ಅದರಲ್ಲೇ ಏನೋ ದೋಷ ಇರಬಹುದು. ಅದೂ ಅಲ್ಲದೆ ಅದು ನಿಮ್ಮ ಮನೆ ಜಾಗ” ಎಂದರಂತೆ. ಇದನ್ನು ಕೇಳಿದ ಮೇಲೆ ನಾನು ಸುಮ್ಮನಿರುವವಳೇ? ಒಂದು ಗಂಟು ಹಾಸಿಗೆ ಬಟ್ಟೆ ಹೆಗಲಿಗೇರಿಸಿಕೊಂಡು ಕಚೇರಿಗೆ ಹೋದೆ. ಅತ್ತಿಗೆ ತನ್ನ ಮೇಜಿನಿಂದಲೇ ಬೇಡ ಬೇಡ ಎಂದು ಕೈ ಆಡಿಸುತ್ತಿದ್ದಳು. ಗಂಟನ್ನು ದಶಮಾಂಶದವರ ಮುಂದೆ ಇಳಿಸಿದೆ.

“ನಿಮ್ಮ ಕಚೇರಿ ಮುಂದೆ ಅಷ್ಟುದ್ದ ಹುಲ್ಲಿನ ಇಳಿಜಾರು ಇದೆಯಲ್ಲ ಸಾರ್, ಅದರ ಮೇಲೆ ಹಾಸ್ತೀನಿ ಇದನ್ನ. ಆಗ ನಿಮ್ಮ ನಕ್ಷೇಲಿ ನೀವೂ ನಿಮ್ಮ ಕುರ್ಚಿ ಸಮೇತ ನದಿಗೆ ಕೊಚ್ಚಿಕೊಂಡು ಹೋಗ್ತೀರಾ ಇಲ್ಲವಾ ನೋಡೋಣ!”

ಬೈಸಿಕೊಳ್ಳಲು ನಾನು ತಯಾರಾಗಿ ನಿಂತೆ. ಅಷ್ಟರಲ್ಲಿ ಅತ್ತಿಗೆ ಮೇಜಿನಿಂದ ಎದ್ದು ಬಂದಳು. ಕಣ್ಣುಗಳು ಮಿಂಚುತ್ತಿದ್ದವು. “ಸಾರ್, ಇವಳು ಹೇಳ್ತಿರೋದು ಒಳ್ಳೇ ಪರೀಕ್ಷೆ. ಉಪಗ್ರಹ ಬರೋ ದಿನ ದಿಬ್ಬ ಖಾಲಿ ಬಿಡೋಣ, ಬಟ್ಟೆ ಎಲ್ಲ ಇಲ್ಲಿ ಹಾಸೋಣ. ಲೆಕ್ಕ ನಾನು ಮುಟ್ಟಲ್ಲ, ಬೇರೆಯವರು ಮಾಡಲಿ.”

ದಶಮಾಂಶದವರು ನನ್ನನ್ನು ನೋಡಿದರು, ಗಂಟನ್ನು ನೋಡಿದರು, ಕಿಟಕಿಯಾಚೆ ತಮ್ಮ ಹುಲ್ಲನ್ನು ನೋಡಿದರು. ಅವರ ಮೀಸೆ ಅಲುಗಿತು. “ಎಷ್ಟು ಬಟ್ಟೆ ಬೇಕಾಗುತ್ತೆ? ಸರಿಯಾಗಿ ಹೇಳಿ” ಎಂದರು. ಆಗ ನನಗೆ ಆ ಮನುಷ್ಯ ಇಷ್ಟವಾಗಿಬಿಟ್ಟರು.

ಆ ಬೆಳಿಗ್ಗೆಯನ್ನು ನೆನೆದರೆ ಈಗಲೂ ಹೊಟ್ಟೆ ಹಿಡಿದುಕೊಂಡು ನಗುತ್ತೇನೆ. ಅಣ್ಣ ವ್ಯಾನಿನಲ್ಲಿ ಸುತ್ತಿ ಸುತ್ತಿ ಒದ್ದೆ ಬಟ್ಟೆ ತಂದು ಸುರಿದ. ಗುಮಾಸ್ತರು ಪ್ಯಾಂಟು ಮಡಚಿಕೊಂಡು ಹುಲ್ಲಿಗಿಳಿದರು. ದಶಮಾಂಶದವರೂ ಒಂದು ತುದಿ ಹಿಡಿದು ಬಂದರು. ಅವರು ಹಾಸಿದ್ದು ಸೊಟ್ಟಗಿತ್ತು. “ಸುಕ್ಕು ಬಿಡಿಸಿ ಹಾಸಿ ಸಾರ್, ಇಸ್ತ್ರಿ ಹಾಕೋಳು ನಾನು!” ಎಂದು ಗದರಿದೆ. ಅವರು ಬಗ್ಗಿ ಸುಕ್ಕು ಬಿಡಿಸಿದರು. ಅಮ್ಮ ಮಾತ್ರ ಬಾಚಣಿಗೆ ತಂದಿದ್ದರು. ಮೇಲಿನಿಂದ ಫೋಟೋ ತೆಗೆಯುತ್ತಾರೆಂದ ಮೇಲೆ ತಲೆ ಕೆದರಿಕೊಂಡು ನಿಲ್ಲಲಾಗುತ್ತದೆಯೇ ಎಂಬುದು ಅವರ ವಾದ. ಅಷ್ಟು ದೂರದಿಂದ ಮನುಷ್ಯರು ಕಾಣುವುದಿಲ್ಲ ಎಂದು ಸೊಸೆ ಎಷ್ಟು ಹೇಳಿದರೂ ಕೇಳಲಿಲ್ಲ.

ಹೊತ್ತು ಹತ್ತಿರ ಬಂದಾಗ ಎಲ್ಲಿತ್ತೋ ಒಂದು ಮೋಡ. ಇಡೀ ಆಕಾಶದಲ್ಲಿ ಅದೊಂದೇ, ನೇರವಾಗಿ ನಮ್ಮ ಮೇಲೇ ಬರುತ್ತಿತ್ತು. ಅತ್ತಿಗೆಯ ಮುಖ ಬಿಳಿಚಿತು. ಮತ್ತೊಂದು ಸಲ ಉಪಗ್ರಹ ಬರುವವರೆಗೆ ಕಾಯೋಣವೆಂದರೆ ಬೇಲಿಯ ಕಂಬಗಳು ಆಗಲೇ ಲಾರಿಯಲ್ಲಿ ಬಂದಿದ್ದವು. “ಹೋಗೋ! ಆಚೆ ಹೋಗೋ!” ಎಂದು ನಾನು ಮೋಡಕ್ಕೆ ಕೈಬೀಸಿ ಕೂಗಿದೆ. ಗುಮಾಸ್ತರೂ ಕೂಗಿದರು. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು, ನದಿ ಕಚೇರಿಯವರಿಗೆಲ್ಲ ಒಟ್ಟಿಗೇ ತಲೆ ಕೆಟ್ಟಿತೇ ಎಂದು. ಮೋಡ ಅಂಚಿನಲ್ಲೇ ಜಾರಿ, ಪಕ್ಕದ ಶಾಲೆಯ ಮೇಲೆ ನೆರಳು ಚೆಲ್ಲಿ ಮುಂದೆ ಹೋಯಿತು. ಅತ್ತಿಗೆ ಗಡಿಯಾರ ನೋಡಿ, “ಆಯ್ತು” ಎಂದಳು.

“ಇಷ್ಟೇನಾ? ಏನೂ ಕಾಣಲೇ ಇಲ್ಲ” ಎಂದರು ಅಮ್ಮ. ಅವರು ಇನ್ನೂ ಮೇಲೆ ನೋಡಿ ಕೈ ಬೀಸುತ್ತಲೇ ಇದ್ದರು.

ಆ ದಿನದ ಚಿತ್ರ ಬಂದು, ಅದೊಂದರಿಂದಲೇ ಲೆಕ್ಕವಾಗಿ, ನಕ್ಷೆ ಪರದೆಯ ಮೇಲೆ ಮೂಡಿದ ದಿನ ನಮ್ಮನ್ನೂ ಕರೆಸಿದರು. ನಮ್ಮ ದಿಬ್ಬ ಹಸಿರೋ ಹಸಿರು. ಕಚೇರಿಯ ಮುಂದಿನ ಹುಲ್ಲು ಕೆಂಪಗೆ ಉರಿಯುತ್ತಿತ್ತು. ಆ ಲೆಕ್ಕದ ಪ್ರಕಾರ ಇಡೀ ಜಲಾನಯನದಲ್ಲೇ ಅತಿ ಹೆಚ್ಚು ಮಣ್ಣು ಕಳೆದುಕೊಳ್ಳುತ್ತಿದ್ದ ಜಾಗ, ಮಣ್ಣು ಉಳಿಸಲೆಂದು ಕಟ್ಟಿದ ಕಚೇರಿಯ ಅಂಗಳ. ದಶಮಾಂಶದವರು ಮೇಜು ಗುದ್ದಿ ನಕ್ಕರು ನೋಡಿ, ಕನ್ನಡಕ ಕೆಳಗೆ ಬಿತ್ತು. “ನಾವು ವರ್ಷಕ್ಕೆ ಎಷ್ಟು ಟನ್ ಹೋಗ್ತಿದೀವಿ? ಬಿಂದು ಆದ ಮೇಲೆ ಎಷ್ಟು?” ಎಂದು ಕೇಳುತ್ತಾ ಕಣ್ಣೊರೆಸಿಕೊಂಡರು. ಬೇಲಿಯ ಕಂಬಗಳನ್ನು ಅದೇ ಲಾರಿಯಲ್ಲಿ ವಾಪಸು ಕಳಿಸಿದರು.

ಅತ್ತಿಗೆಗೆ ಅಷ್ಟಕ್ಕೇ ಸಮಾಧಾನವಿಲ್ಲ. ನಮ್ಮಂತೆ ಇನ್ನೂ ಯಾರ್ಯಾರು ಸುಮ್ಮಸುಮ್ಮನೆ ಕೆಂಪಾಗಿದ್ದಾರೋ ಎಂದು ಇಡೀ ನಕ್ಷೆಯನ್ನು ಜಾಲಾಡಿದಳು. ಸಸಿಗಳ ಮೇಲೆ ಬಿಳಿ ಪ್ಲಾಸ್ಟಿಕ್ ಹೊದಿಸಿದ್ದ ನರ್ಸರಿಯೊಂದು ಸಿಕ್ಕಿತು, ಅದನ್ನೂ ಕೆಂಪಿನಿಂದ ಬಿಡಿಸಿದಳು. ನಿಜವಾಗಿ ಕೆಂಪಾಗಿದ್ದ ಗುಡ್ಡಗಳನ್ನು ಹಾಗೇ ಉಳಿಸಿ, ಅಲ್ಲಿಗೆ ಗಿಡ ಹೋಗುವಂತೆ ಮಾಡಿದಳು. ಕೊನೆಗೆ ಅಚ್ಚಾದ ನಕ್ಷೆಯ ಒಂದು ಪ್ರತಿಯನ್ನು ಸುರುಳಿ ಸುತ್ತಿ ಮನೆಗೆ ತಂದು ಇಸ್ತ್ರಿ ಮೇಜಿನ ಮೇಲೆ ಹಾಸಿದಳು. ಹಿಂದಿನ ನಕ್ಷೆಗಳಲ್ಲೆಲ್ಲ ನಮ್ಮ ದಿಬ್ಬಕ್ಕೆ ‘ಪಾಳು’ ಎಂದು ಬರೆದಿರುತ್ತಿತ್ತಂತೆ. ಈಗ ಮೂಲೆಯ ಬಣ್ಣಗಳ ಪಟ್ಟಿಯಲ್ಲಿ ಕಾಡು, ಹೊಲ, ತೋಟ, ಮನೆ ಇವುಗಳ ಕೆಳಗೆ ಹೊಸದೊಂದು ಸಾಲಿತ್ತು: ‘ಬಟ್ಟೆ ಒಣಗಿಸುವ ಹುಲ್ಲು’. ಅಮ್ಮ ಅದನ್ನು ಬೆರಳಿಟ್ಟು ಓದಿದರು, ಮತ್ತೊಮ್ಮೆ ಓದಿದರು. ಆಮೇಲೆ ಸೊಸೆಯ ಕೆನ್ನೆ ಹಿಡಿದು ಅತ್ತೇಬಿಟ್ಟರು. ನನಗೂ ಸಂತೋಷ ತಡೆಯಲಾಗಲಿಲ್ಲ.

ಆಗ ಕಣ್ಣಿಗೆ ಬಿತ್ತು. ನಮ್ಮ ಹಸಿರಿನ ಮಧ್ಯೆ, ಮೇಲಿಂದ ಕೆಳಗೆ, ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆ.

“ಇದೇನಿದು?”

“ನೀವು ಗಂಟು ಹೊತ್ತು ಹತ್ತಿ ಇಳಿಯೋ ದಾರಿ. ಅಲ್ಲಿ ಹುಲ್ಲು ಸವೆದುಹೋಗಿದೆ. ಮಳೆ ಬಂದಾಗ ನಿಜವಾಗಲೂ ಮಣ್ಣು ಹೋಗುತ್ತೆ.”

“ಇದೂ ಉಪಗ್ರಹಕ್ಕೆ ಕಾಣುತ್ತಾ?”

“ಇಲ್ಲ. ಅದಕ್ಕೆ ಕಾಣದಷ್ಟು ಸಣ್ಣದು. ಕಚೇರಿಯ ಇನ್ನೊಬ್ಬರನ್ನ ಕರಕೊಂಡು ಬಂದು ನಾನೇ ಅಳೆಸಿ ಹಾಕಿಸಿದೆ.”

“ಕಾಣದೇ ಇರೋದನ್ನ ಯಾಕೆ ಹಾಕಿಸಿದೆ ಮಾರಾಯ್ತಿ!”

“ಇದೆಯಲ್ಲ” ಎಂದಳು ಅತ್ತಿಗೆ.

ಇದಕ್ಕೆ ಏನು ಹೇಳುತ್ತೀರಿ? ‘ನೀವು’ ಎನ್ನಲು ಬಾಯಿ ತೆರೆದೆ, ನಗು ಬಂದುಬಿಟ್ಟಿತು. ಆ ಮಳೆಗಾಲಕ್ಕೆ ಮುಂಚೆ ನಾನೂ ಅಣ್ಣನೂ ಆ ದಾರಿಗೆ ಕಲ್ಲಿನ ಮೆಟ್ಟಿಲು ಕೂರಿಸಿದೆವು. ನಕ್ಷೆಗೆ ಕಟ್ಟು ಹಾಕಿಸಿ ಕೌಂಟರಿನ ಹಿಂದೆ ತೂಗುಹಾಕಿದ್ದೇನೆ. ಬಂದ ಗಿರಾಕಿಗಳಿಗೆಲ್ಲ ತೋರಿಸುತ್ತೇನೆ, ಅವರು ಕೇಳದಿದ್ದರೂ. ಮೊನ್ನೆ ಒಬ್ಬರು ಆ ಕೆಂಪು ಗೆರೆ ನೋಡಿ, “ಪಾಪ, ಇಷ್ಟು ಚೆನ್ನಾಗಿರೋದರಲ್ಲಿ ಇದೊಂದು ಕಲೆ ಉಳಿದುಬಿಟ್ಟಿದೆ. ನಿಮ್ಮ ಅತ್ತಿಗೆಗೆ ಹೇಳಿ ತೆಗೆಸಬಾರದಿತ್ತಾ?” ಎಂದರು.

“ಅದನ್ನ ಮುಟ್ಟಬೇಡಿ” ಎಂದೆ. “ಗಂಡನ ಮನೆ ಅಂತಾನೂ ಬಿಡಲಿಲ್ಲ ನಮ್ಮತ್ತಿಗೆ. ಆ ಕೆಂಪು ಇರೋದಕ್ಕೇ ಕಣ್ರೀ, ಸುತ್ತಲಿನ ಹಸಿರನ್ನ ಎಲ್ಲರೂ ನಂಬಿರೋದು.”